ಅಪರಿಚಿತ ಪದ್ಯಕ್ಕೆ ನೀರು-ಬೆಲ್ಲ

ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಆ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಬಿಂಡಿಗನವಿಲೆಯ ಚಿಕ್ಕಪ್ಪನ ಮನೆ ಜಗಲಿಯಲ್ಲಿ ಕೂರಿಸಿಬಿಡುತ್ತದೆ. ಇವತ್ತು ಡಬ್ಬಿ ತೆಗೆದದ್ದೂ ಚಿಕ್ಕಪ್ಪನಿಗಾಗಿಯೇ. ಹೇಳದೆ ಕೇಳದೆ ಬಂದು ನಮ್ಮ ಹಜಾರದಲ್ಲಿ ಕೂತಿದ್ದಾರೆ.

ತೊಂಬತ್ತರ ದಶಕದ ಮಾತು. ಪಿಯುಸಿಯಲ್ಲಿ ನಾನು ಫೇಲಾದದ್ದು ಯಾವುದರಲ್ಲಿ ಅಂತೀರಿ? ಕನ್ನಡದಲ್ಲಿ! ನಗಬೇಡಿ. ಪಾಠದ ಪದ್ಯಗಳನ್ನೆಲ್ಲ ಉರು ಹೊಡೆದಿದ್ದೆ. ಓದಿರದ ಪದ್ಯ ಕೊಟ್ಟು 'ವಿಮರ್ಶಿಸಿ' ಅಂದರೆ ಕೈಕಾಲೇ ಆಡುತ್ತಿರಲಿಲ್ಲ. "ಇನ್ನೊಂದ್ಸಲ ಡುಮ್ಕಿ ಹೊಡುದ್ರೆ ಕಾಲೇಜು ಸಾಕು ಬುಡು" ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿ, ಕನ್ನಡ ಮೇಷ್ಟ್ರಾಗಿದ್ದ ಚಿಕ್ಕಪ್ಪನ ಬಳಿ ಕಳಿಸಿದರು.

ಹೊಂಗೆಯ ನೆರಳು, ದೂರದಲ್ಲೆಲ್ಲೋ ಕುರಿಗಳ ಸದ್ದು, ಕಣ್ಣು ತಾನಾಗಿಯೇ ಮುಚ್ಚುವ ಮಧ್ಯಾಹ್ನಗಳು. ಪದ್ಯ ಕೈಗೆ ಬಂದ ಕೂಡಲೇ ನಾನು ಪೊಲೀಸರ ಹಾಗೆ ವಿಚಾರಣೆಗೆ ಇಳಿಯುತ್ತಿದ್ದೆ: ಅರ್ಥವೇನು, ಸಂದೇಶವೇನು, ಅಲಂಕಾರ ಯಾವುದು? ಪದ್ಯ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಒಂದು ದಿನ ಬಸ್ಸು ತಪ್ಪಿದ ಅಜ್ಜಿಯೊಬ್ಬರು ಜಗಲಿಗೆ ಬಂದರು. "ಯಾರಜ್ಜಿ? ಯಾವೂರು? ಏನ್ ಬೇಕಿತ್ತು?" ಎಂದು ಶುರು ಹಚ್ಚಿದೆ.

ಚಿಕ್ಕಪ್ಪ ಗದರಿದರು: "ಮೊದ್ಲು ನೀರು ಬೆಲ್ಲ ತತ್ತಾರವ್ವ. ಬಂದೋರ್ನ ಬಾಗ್ಲಲ್ಲೇ ಇಂಗೆ ಕೇಳ್ತಾರಾ?"

ಬೆಲ್ಲ ಕಚ್ಚಿ, ನೀರು ಕುಡಿದು, ಅಜ್ಜಿ ತಾವಾಗಿಯೇ ಮಾತಾಡಿದರು. ನಾಗಮಂಗಲದಲ್ಲಿ ಹುಟ್ಟಿದ ಮೊಮ್ಮಗ, ಅವನ ಮೂಗು, ಅವನ ಅಳು, ಕುಡಿಸುತ್ತಿರುವ ಹಸುವಿನ ಹಾಲು. "ಆಲು ಒಗ್ಗುತದಾ ಕೂಸ್ಗೆ?" ಎಂದು ಮತ್ತೆ ಮತ್ತೆ ಕೇಳಿದರು. ಬಸ್ಸು ಬಂತು, ಹೋದರು.

"ಏನೇಳುದ್ರು?" ಎಂದರು ಚಿಕ್ಕಪ್ಪ.

"ಮೊಮ್ಮಗನ ವಿಷ್ಯ."

"ಯಾವ ಮಾತು ತಿರುಗಿ ತಿರುಗಿ ಬಂತು? ಯಾರ ಸುದ್ದೀನೆ ಬರ್ಲಿಲ್ಲ?"

ತಿರುಗಿ ಬಂದದ್ದು ಹಾಲು. ಬಾರದವಳು ಹೆತ್ತವಳು. ಆ ಕೂಸಿನ ತಾಯಿ ಬದುಕಿಲ್ಲವೆಂಬುದು ನನಗೆ ಆಗ ಹೊಳೆಯಿತು.

"ಪದ್ಯಾನೂ ಅಂಗೇ ಕಣವ್ವ" ಎಂದರು ಚಿಕ್ಕಪ್ಪ. "ಕೂರ್ಸು, ನೀರು ಕೊಡು, ಸುಮ್ಕೆ ಕೇಳಿಸ್ಕೊ."

ಪರೀಕ್ಷೆಯಲ್ಲಿ ಬಂದ ಪದ್ಯ ಈಗ ಮರೆತಿದೆ. ಮೆಲ್ಲಗೆ ಓದಿಕೊಂಡು ಅದರೆದುರು ಸುಮ್ಮನೆ ಕೂತದ್ದು ಮಾತ್ರ ನೆನಪಿದೆ. ಪಾಸಾದೆ. ಮುಂದೆ ಕನ್ನಡವನ್ನೇ ಓದಿ, ಈಗ ಅದನ್ನೇ ಹೇಳಿಕೊಡುತ್ತೇನೆ.

ಇವತ್ತು ಹಜಾರದಲ್ಲಿ ಚಿಕ್ಕಪ್ಪ ಬೆಲ್ಲ ಚೀಪುತ್ತಾ ಬಸ್ಸಿನ ರಶ್ಶು, ಹೊಂಗೆ ಹೂ ಬಿಟ್ಟದ್ದು, ಎಲ್ಲ ಹೇಳಿದರು. "ಬೆಳಗ್ಗೆ ಕಾಫಿ ಮಾಡ್ಕಂಡೆ, ಸರಿಯಾಗ್ಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು. ಹೋದ ತಿಂಗಳು ತೀರಿಕೊಂಡ ಚಿಕ್ಕಮ್ಮನ ಸುದ್ದಿ ಮಾತ್ರ ಬರಲಿಲ್ಲ.

ನಾನು ಒಳಗೆ ಹೋಗಿ, ಚಿಕ್ಕಮ್ಮ ಮಾಡುತ್ತಿದ್ದ ಹಾಗೆ ಬೆಲ್ಲ ಹಾಕಿ ಕಾಫಿ ಮಾಡಿ ತಂದೆ. ಚಿಕ್ಕಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಅವಳ್ದು ಇಂಗೇ ಇರ್ತಿತ್ತು ಕಣವ್ವ" ಎಂದು ಮಗುವಿನ ಹಾಗೆ ಅತ್ತುಬಿಟ್ಟರು.