ನಾನು ಅಡಿಯಲ್ಲಿ ಹಾಕಿಕೊಂಡು ಕೂತ ನೀಲಿ ಪುಸ್ತಕ

2023ರಲ್ಲಿ ನಾನು ಚೆನ್ನೈನ ಗಿಂಡಿಯಲ್ಲಿ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯ ವೀಸಾ ಕೌಂಟರ್ ನೋಡಿಕೊಳ್ಳುತ್ತಿದ್ದೆ. ನನ್ನ ವಯಸ್ಸಿನವರೆಲ್ಲ ಮೊಮ್ಮಕ್ಕಳ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದರು. ನಾನು ಊರವರ ಪಾಸ್‌ಪೋರ್ಟಿನ ಎಕ್ಸ್‌ಪೈರಿ ಡೇಟ್ ಕಾಯುತ್ತಿದ್ದೆ. ನನ್ನ ಬಲಗೈಯ ಎರಡು ಬೆರಳು ಮುರಿದದ್ದು ಅದೇ ಕೌಂಟರಿನಲ್ಲಿ. ಮೊಮ್ಮಗಳು ಮೊನ್ನೆ ಮೊನ್ನೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟಿದ್ದಾಳೆ. ಇದನ್ನೆಲ್ಲ ಎಡಗೈಯ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ.

ಏಜೆನ್ಸಿ ಮರುಳಪ್ಪನದು. ಅವನ ಅಜ್ಜ ದಾವಣಗೆರೆ ಕಡೆಯಿಂದ ಬಂದು ಸೌಕಾರ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮರುಳಪ್ಪನಿಗೆ ಬಟ್ಟೆ ಒಗ್ಗಲಿಲ್ಲ, ವಿಮಾನ ಒಗ್ಗಿತು. ನಾನೂ ಆ ಕಡೆಯವಳೇ ಆದ್ದರಿಂದ ಅವನಿಗೆ ನಾನು ಪಾರ್ವತಕ್ಕ, ಮಿಕ್ಕವರಿಗೆಲ್ಲ ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಮನೆಯ ಹಿರಿಯ ಗಂಡಸು ಎಲ್ಲರ ಪಾಸ್‌ಪೋರ್ಟುಗಳನ್ನೂ ರಬ್ಬರ್ ಬ್ಯಾಂಡ್ ಹಾಕಿ ತರುತ್ತಾನೆ. ಕೆಲಸ ಮುಗಿದ ಮೇಲೆ ಕಟ್ಟನ್ನು ಅವನೇ ಒಯ್ಯುತ್ತಾನೆ. ನಾನು ಹಾಗೆ ಕೊಡುತ್ತಿರಲಿಲ್ಲ. ಪುಸ್ತಕದೊಳಗೆ ಯಾರ ಮುಖ ಇದೆಯೋ ಅವರ ಕೈಗೇ ಕೊಡುತ್ತಿದ್ದೆ. ಹೆಂಡತಿಯ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕುವ ಗಂಡಂದಿರನ್ನು ಬೇಕಾದಷ್ಟು ನೋಡಿದ್ದೆ. ಒಮ್ಮೆ ಸೌಕಾರ್‌ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರಿಗೆ, ನಿಮ್ಮ ಮನೆಯವರನ್ನೇ ಕಳಿಸಿ ಎಂದುಬಿಟ್ಟೆ. ಅವರು ಮುಖ ಊದಿಸಿಕೊಂಡು ಹೋದರು.

"ಪಾರ್ವತಕ್ಕ, ಕೊಂಜ ಅಡ್ಜಸ್ಟ್ ಮಾಡ್ಕಳ್ರಿ. ಒಂದ್ಸಲ ಹೋದ ಕಸ್ಟಮರು ಪೋಚ್ಚು, ತಿರುಗಿ ಬರಲ್ಲ," ಎಂದ ಮರುಳಪ್ಪ, ತನ್ನ ಅರ್ಧ ತಮಿಳು ಬೆರೆತ ಕನ್ನಡದಲ್ಲಿ.

"ಮುಖ ಕಳಿಸ್ರಿ ಅಂದೆ ಕಣೋ. ತಲೆ ಕಳಿಸ್ರಿ ಅಂದ್ನೇನು?" ಎಂದೆ.

ಆ ವರ್ಷ ಜೂನ್ ಬಿಸಿಲಲ್ಲಿ ಯಾಳಿನಿ ಎಂಬ ಹೆಂಗಸು ಬಂದಳು. ಜೊತೆಗೆ ಅವಳ ಅಣ್ಣ ಕುಗನ್. ಇಬ್ಬರೂ ಶ್ರೀಲಂಕಾದ ತಮಿಳರು. ಅಣ್ಣ ಬಹಳ ವರ್ಷದಿಂದ ಚೆನ್ನೈನದೇ ಮಾಧವರಂನಲ್ಲಿದ್ದು ಕೊಲಂಬೊಗೆ ಸರಕು ಕಳಿಸುವ ವ್ಯಾಪಾರ ಮಾಡುತ್ತಿದ್ದ. ತಾಯಿ ಅವನ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಯಾಳಿನಿ ಕೆನಡಾದಿಂದ ತಾಯಿಯನ್ನು ನೋಡಲು ಬಂದಿದ್ದಳು. ಕೂತಾಗಿನಿಂದ ಮಾತೆಲ್ಲ ಅಣ್ಣನದೇ. ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಲ್ಲಿ ಒಂದು ನೀಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಅದು ಪಾಸ್‌ಪೋರ್ಟಲ್ಲ, ರೆಫ್ಯೂಜಿ ಟ್ರಾವೆಲ್ ಡಾಕ್ಯುಮೆಂಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತನ್ನ ದೇಶದಲ್ಲಿ ಜೀವಕ್ಕೆ ಅಪಾಯ ಇದೆ ಎಂದು ತೋರಿಸಿಕೊಟ್ಟವರಿಗೆ ಇನ್ನೊಂದು ದೇಶ ಕೊಡುವ ಆಶ್ರಯಕ್ಕೆ ಅಸೈಲಮ್ ಎನ್ನುತ್ತಾರೆ. ಆಮೇಲೆ ಅವರು ಅಲ್ಲಿ ಪರ್ಮನೆಂಟ್ ರೆಸಿಡೆಂಟ್ ಆಗಬಹುದು, ಪಿ.ಆರ್. ಕಾರ್ಡ್ ಸಿಗುತ್ತದೆ. ಆದರೆ ಪೌರತ್ವ ಬರುವ ತನಕ ಆ ದೇಶದ ಪಾಸ್‌ಪೋರ್ಟ್ ಇಲ್ಲ. ಓಡಾಡಲು ಈ ಪುಸ್ತಕ ಕೊಡುತ್ತಾರೆ. ನೋಡಲು ಪಾಸ್‌ಪೋರ್ಟಿನ ತಂಗಿಯ ಹಾಗೆ, ಮುಖಪುಟದ ಮೂಲೆಯಲ್ಲಿ ಎರಡು ಓರೆ ಗೆರೆ. ಬಿಟ್ಟು ಓಡಿಬಂದ ದೇಶಕ್ಕೆ ಮಾತ್ರ ಇದು ನಡೆಯುವುದಿಲ್ಲ.

ಇದರ ತಾಪತ್ರಯಗಳೂ ಉಂಟು. ಇಂಡಿಯಾದ ಈ-ವೀಸಾ ಇದಕ್ಕೆ ಸಿಗುವುದಿಲ್ಲ, ಮಾಮೂಲಿ ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು. ಹಾಗಾಗಿ ಕೆಲವರು, ಇದೇನು ರಗಳೆ, ನಾವು ಹುಟ್ಟಿದ ದೇಶದ ಪಾಸ್‌ಪೋರ್ಟನ್ನೇ ಮಾಡಿಸಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಕುಣಿಕೆ ಇರುವುದು ಅಲ್ಲೇ. ಹೆದರಿ ಓಡಿಬಂದ ದೇಶದ ಪಾಸ್‌ಪೋರ್ಟನ್ನು ಕೇಳಿ ಪಡೆದು, ಅಲ್ಲಿಗೇ ಹೋಗಿಬಂದರೆ, ಆಶ್ರಯ ಕೊಟ್ಟ ದೇಶ ಕೇಳುತ್ತದೆ: ಹಾಗಾದರೆ ನಿನ್ನ ಭಯ ಎಲ್ಲಿ ಹೋಯಿತು? ಕೆನಡಾದಲ್ಲಿ ಆಶ್ರಯದ ಜೊತೆ ಪಿ.ಆರ್. ಕೂಡ ಕೈಬಿಟ್ಟು ಹೋಗಬಹುದು.

ಕುಗನ್ ತಂದಿದ್ದ ಯೋಜನೆ ಅದೇ ಆಗಿತ್ತು. "ಅಮ್ಮನಿಗೆ ಊರಿನಲ್ಲಿ ಕಣ್ಣು ಮುಚ್ಚಬೇಕಂತೆ ಪಾಟಿ. ಇವಳಿಗೆ ನಮ್ಮ ದೇಶದ ಪಾಸ್‌ಪೋರ್ಟ್ ಮಾಡಿಸುತ್ತೇನೆ. ಮೂರು ಜನಕ್ಕೂ ಕೊಲಂಬೊ ಟಿಕೆಟ್ ಹಾಕಿ. ಈ ನೀಲಿ ಪುಸ್ತಕ ನನ್ನ ಹತ್ತಿರ ಇರಲಿ," ಎಂದ.

ಅರ್ಜಿಗೆ ಅವಳ ಸಹಿ ಆಗಲೇ ಆಗಿತ್ತು. ಎಡಗೈಯ ಸಹಿ, ಸೊಟ್ಟಗೆ ಓಡಿತ್ತು. ಅವಳ ಕಿವಿಯ ಹಿಂದೆ ಹಸಿ ಬಾಸುಂಡೆ ಇತ್ತು. ನಾನು ಕುಗನ್‌ಗೆ, "ಫೋಟೊ ವೈಟ್ ಬ್ಯಾಕ್‌ಗ್ರೌಂಡ್ ಇರಬೇಕಪ್ಪ, ನಿನ್ನದು ನೀಲಿ. ಎದುರುಗಡೆ ಸ್ಟುಡಿಯೊದಲ್ಲಿ ತೆಗೆಸಿಕೊಂಡು ಬಾ," ಎಂದೆ. ಅವನ ಫೋಟೊ ನನಗೆ ಯಾವುದಕ್ಕೂ ಬೇಕಿರಲಿಲ್ಲ.

ಅವನು ಹೊರಗೆ ಹೋದದ್ದೇ ಯಾಳಿನಿ ಸೆರಗಿನಿಂದ ಬಲಗೈ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟಳು. ಅಂಗೈಯಲ್ಲಿ ಒಂದು ರೇಖೆಯೂ ಇರಲಿಲ್ಲ. ಚರ್ಮ ಕರಗಿ ಹೆಪ್ಪುಗಟ್ಟಿದ ಹಾಗೆ ನುಣ್ಣಗಿತ್ತು, ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಹೋಗಿತ್ತು.

"ದೋಸೆ ಕಲ್ಲು, ಪಾಟಿ. ಗಂಡ ಕೈ ಒತ್ತಿ ಹಿಡಿದ. ಅವನು ನಮ್ಮೂರಿನ ರಾಜಕಾರಣಿಯ ಬಲಗೈ. ನನ್ನ ದೂರು ಯಾರೂ ಬರೆದುಕೊಳ್ಳಲಿಲ್ಲ. ಎರಡನೇ ಸಲ ಸೀಮೆಎಣ್ಣೆ ಸುರಿದಾಗ ಓಡಿದೆ."

"ನಿಮ್ಮಣ್ಣನಿಗೆ ಗೊತ್ತಿಲ್ಲವೇನಮ್ಮ?"

"ಗೊತ್ತು. ಅಣ್ಣನ ಸರಕು ಅಲ್ಲಿ ಇಳಿಯುವುದು ನನ್ನ ಗಂಡನ ಕೃಪೆಯಿಂದ. ನನ್ನನ್ನು ಕರಕೊಂಡು ಬಾ ಅಂದಿದ್ದಾನೆ."

ಪೊಲೀಸರಿಗೆ ಹೇಳಲೇ ಎಂದೆ. ಅಮ್ಮ ಅಣ್ಣನ ಮನೆಯಲ್ಲಿದ್ದಾರೆ, ಬೇಡ ಎಂದಳು. ಆಮೇಲೆ ಕೇಳಿದಳು, "ಪಾಟಿ, ಯಾವುದನ್ನು ಇಟ್ಟುಕೊಳ್ಳಲಿ? ಅಮ್ಮ ನಿಜವಾಗಿ ಊರಿಗೆ ಹೋಗಬೇಕು ಅಂದರೆ?"

ಎರಡೂ ಪುಸ್ತಕಗಳಿಂದ ಏನೇನಾಗುತ್ತದೆ ಎಂದು ಹೇಳಿದೆ. ಆರಿಸುವುದು ಅವಳಿಗೆ ಬಿಟ್ಟದ್ದು. ಅವಳು ನೀಲಿ ಪುಸ್ತಕವನ್ನು ಆ ನುಣ್ಣನೆ ಅಂಗೈಯಿಂದ ನನ್ನ ಕಡೆ ತಳ್ಳಿದಳು. ಪಿ.ಆರ್. ಕಾರ್ಡನ್ನೂ ಅದರೊಳಗೆ ಸಿಕ್ಕಿಸಿದಳು. "ಇದು ನಿಮ್ಮ ಹತ್ತಿರ ಇರಲಿ. ನನಗೆ ಬಿಟ್ಟು ಇನ್ನು ಯಾರಿಗೂ ಕೊಡಬೇಡಿ."

ಕುಗನ್ ಬಂದು ಪುಸ್ತಕ ಎಲ್ಲಿ ಎಂದ. ಸ್ಕ್ಯಾನರ್ ಕೆಟ್ಟಿದೆ, ನಾಳೆ ತಂಗಿಯನ್ನು ಕರಕೊಂಡು ಬಾ ಎಂದೆ. ನನ್ನ ಬೆನ್ನ ಹಿಂದೆ ಸ್ಕ್ಯಾನರ್ ಹಸಿರು ದೀಪ ಹಚ್ಚಿಕೊಂಡು ಗುಂಯ್‌ಗುಡುತ್ತಿತ್ತು. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ. ತಂಗಿಯ ತೋಳು ಹಿಡಿದು ಎಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಬಂದವರಲ್ಲಿ ಯಾಳಿನಿ ಇರಲಿಲ್ಲ. ಕುಗನ್ ಜೊತೆ ಇಸ್ತ್ರಿ ಅಂಗಿಯ, ಸೆಂಟು ಹಾಕಿಕೊಂಡ ಒಬ್ಬ ಗಂಡಸು ಇದ್ದ. ಕೂತವನೇ ನನಗೆ ಕೈಮುಗಿದ. "ನಾನು ಅವಳ ಯಜಮಾನ. ಕೊಲಂಬೊದಿಂದ ನಿನ್ನೆ ಸಂಜೆ ಬಂದೆ. ಪುಸ್ತಕ ಕೊಡಿ ಪಾಟಿ, ಅವಳಿಗೆ ಮೈ ಸರಿ ಇಲ್ಲ."

ಅವರು ಬಾಗಿಲು ತಳ್ಳುವಾಗಲೇ ಗಾಜಿನಲ್ಲಿ ಕುಗನ್‌ನನ್ನು ನೋಡಿದ್ದೆ. ಪುಸ್ತಕವನ್ನು ಡ್ರಾಯರಿನಿಂದ ತೆಗೆದು ಕುರ್ಚಿಯ ದಿಂಬಿನ ಕೆಳಗಿಟ್ಟು, ಅದರ ಮೇಲೆ ನನ್ನ ಭಾರವನ್ನೆಲ್ಲ ಇಟ್ಟು ಕೂತಿದ್ದೆ. ನನ್ನ ಭಾರ ಕಡಿಮೆಯದಲ್ಲ.

"ಮುಖ ಬಂದರೆ ಕೊಡುತ್ತೇನೆ," ಎಂದೆ.

ಅವನು ಮೆಲ್ಲಗೆ ಎದ್ದ. ಕೌಂಟರಿನ ಮೇಲಿದ್ದ ವಿಮಾನದ ಗೊಂಬೆಯನ್ನು, ಅದರ ಕಬ್ಬಿಣದ ಪೀಠದ ಸಮೇತ, ಎತ್ತಿ ಗಾಜಿಗೆ ಬಡಿದ. ಗಾಜು ಸುರಿಯಿತು. ಒಳಗಿಂದ ಓಡಿಬಂದ ಮರುಳಪ್ಪ, "ಏಯ್, ಯಾರ್ರೀ ನೀವು?" ಎನ್ನುವಷ್ಟರಲ್ಲಿ ಅದೇ ಪೀಠ ಅವನ ಹಣೆಗೆ ಬಿತ್ತು. ಅವನು ಕುಸಿದ. ರಕ್ತ ಕಣ್ಣಿಗೆ ಇಳಿಯಿತು. ಕುಗನ್ ಬೀರು ಕೆಡವಿದ, ಮಾನಿಟರ್ ಎಳೆದು ಹಾಕಿದ, ಫೈಲುಗಳನ್ನು ತುಳಿದ. ಆ ಇನ್ನೊಬ್ಬ ನನ್ನ ತುರುಬು ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ. ಬಾಯಲ್ಲಿ ಉಪ್ಪುಪ್ಪಾಯಿತು. ಮೇಲಿನ ಒಂದು ಹಲ್ಲು ಗಾಜಿನ ಚೂರುಗಳ ನಡುವೆ ಬಿದ್ದಿತ್ತು.

"ಎಲ್ಲಿದೆ?"

"ಮುಖ," ಎಂದೆ. ಹಲ್ಲಿಲ್ಲದೆ ಅದು ಸರಿಯಾಗಿ ಹೊರಡಲಿಲ್ಲ.

ಅವನು ನನ್ನ ಬಲಗೈಯನ್ನು ಎಳೆದು ಸ್ಟೀಲ್ ಡ್ರಾಯರಿನ ಬಾಯಿಗೆ ಇಟ್ಟ. ಏನು ಮಾಡುತ್ತಾನೆಂದು ನನಗೆ ಅರ್ಥವಾಯಿತು. ಇದು ಅವನಿಗೆ ಅಭ್ಯಾಸದ ಕೆಲಸ, ಕೈ ಹಿಡಿಯುವ ರೀತಿಯಲ್ಲೇ ತಿಳಿಯುತ್ತಿತ್ತು. ಮೊಣಕಾಲಿನಿಂದ ಡ್ರಾಯರನ್ನು ಒದ್ದು ಮುಚ್ಚಿದ. ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಎರಡನೇ ಸಲ ಒದೆಯಲು ಡ್ರಾಯರ್ ತೆರೆದ.

ಮೇಜಿನ ಮೇಲೆ ಬಿಲ್ಲುಗಳನ್ನು ಚುಚ್ಚಿಡುವ ಉದ್ದನೆಯ ಮುಳ್ಳು ಇತ್ತು. ಎಡಗೈಗೆ ಅದು ಸಿಕ್ಕಿತು. ಕೂತಲ್ಲಿಂದ ಏಳದೆ ಅದನ್ನು ಅವನ ತೊಡೆಗೆ ಬುಡದವರೆಗೆ ಇಳಿಸಿದೆ. ಹಿಂದಿನ ದಿನದ ಬಿಲ್ಲುಗಳೆಲ್ಲ ಅವನ ಪ್ಯಾಂಟಿಗೆ ಅಂಟಿಕೊಂಡವು. ಅವನ ಕಿರುಚಾಟ ಕೇಳಿ ಕೆಳಗಿನ ಆಟೊ ಸ್ಟ್ಯಾಂಡಿನವರು ಮೆಟ್ಟಿಲು ಹತ್ತಿ ಬಂದರು. ಆಮೇಲೆ ಅವರಿಬ್ಬರಿಗೂ ಬಿದ್ದ ಏಟು ನನಗೂ ಮರುಳಪ್ಪನಿಗೂ ಬಿದ್ದದ್ದಕ್ಕಿಂತ ಹೆಚ್ಚು. ಅದನ್ನು ನಾನು ನೋಡಿದೆ, ನೋಡಿ ನನಗೆ ಬೇಸರವೇನೂ ಆಗಲಿಲ್ಲ.

ಮಹಿಳಾ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಬಂದು, ಮುಳ್ಳಿನ ವಿಷಯ ಕೇಳಿದರು. "ಬಿಲ್ ಅಂದುಕೊಂಡು ಚುಚ್ಚಿದೆನಮ್ಮ," ಎಂದೆ. ಅವರು ಮುಖ ಆ ಕಡೆ ತಿರುಗಿಸಿ ಬರೆದುಕೊಂಡರು. ಮಾಧವರಂ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ, ಬೇಗ ಹೋಗಿ ಎಂದು ಹೇಳಿ ನಾನು ಆಂಬುಲೆನ್ಸ್ ಹತ್ತಿದೆ. ಹತ್ತುವ ಮುಂಚೆ ಪುಸ್ತಕವನ್ನು ದಿಂಬಿನ ಕೆಳಗಿನಿಂದ ಸೊಂಟಕ್ಕೆ ವರ್ಗ ಮಾಡಿದ್ದೆ.

ಪೊಲೀಸರು ಹೋಗುವ ಹೊತ್ತಿಗೆ ಆ ಮನೆಯ ಬೀಗ ಒಡೆದಾಗಿತ್ತು. ಯಾಳಿನಿಯನ್ನು ಕೋಣೆಯಲ್ಲಿ ಕೂಡಿಹಾಕಿ ಹೋಗಿದ್ದರು. ಹಾಸಿಗೆಯಿಂದ ಏಳಲಾಗದ ತಾಯಿ ಸ್ಟೀಲ್ ಲೋಟದಿಂದ ಕಿಟಕಿಯ ಸರಳಿಗೆ ಬಡಿದು ಬಡಿದು ಅಕ್ಕಪಕ್ಕದವರನ್ನು ಕರೆದಿದ್ದರು. ಊರಿಗೆ ಹೋಗಿ ಸಾಯಬೇಕು ಎಂದು ಆ ತಾಯಿ ಯಾರಿಗೂ ಹೇಳಿರಲೇ ಇಲ್ಲ. ಮಗಳನ್ನು ಬೇಗ ಕೆನಡಾಗೆ ಕಳಿಸು ಎಂದೇ ಮಗನಿಗೆ ಹೇಳುತ್ತಿದ್ದರಂತೆ.

ಸಂಜೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಪಕ್ಕದ ಮಂಚದಲ್ಲಿ ಮರುಳಪ್ಪ ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ.

"ಅವ್ನು ಕೇಳ್ದಾಗ್ಲೇ ಕೊಟ್ಟಿದ್ರೆ ಏನಾಗ್ತಿತ್ತಕ್ಕ?" ಎಂದ.

"ನಿನ್ನ ಹಣೆ ನೆಟ್ಟಗಿರ್ತಿತ್ತು. ಅವ್ಳು ಸುಟ್ಟು ಹೋಗ್ತಿದ್ಲು."

ಅವನು ಹಣೆಯ ಹೊಲಿಗೆ ಮುಟ್ಟಿ ನೋಡಿಕೊಂಡ. "ಆ ಸೌಕಾರ್‌ಪೇಟೆ ಸೇಟುಗೆ ಫೋನ್ ಮಾಡಿ ಹೇಳ್ತೀನಿ ತಡೀರಿ, ಪಾರ್ವತಕ್ಕ ನಿಮಗೆ ಚುಚ್ಚದೆ ಬರೀ ಬಾಯಲ್ಲೇ ಹೇಳಿ ಬಿಟ್ಟಿದ್ದು ನಿಮ್ಮ ಅದೃಷ್ಟ ಅಂತ."

ಆಗ ಸಬ್ ಇನ್ಸ್‌ಪೆಕ್ಟರ್ ಯಾಳಿನಿಯನ್ನು ಕರಕೊಂಡು ಬಂದರು. ಅವಳೇ ಎಂದು ಅವರು ಹೇಳಿದ್ದರಿಂದ ತಿಳಿಯಿತು. ಒಂದು ಕಣ್ಣು ಮುಚ್ಚಿಹೋಗಿತ್ತು, ಮೂಗು ಒಂದು ಕಡೆ ಸರಿದಿತ್ತು, ತುಟಿ ಬಾತು ಎರಡಾಗಿತ್ತು. ಪುಸ್ತಕ ಎಲ್ಲಿ ಎಂದು ಕೇಳುತ್ತ ಇಡೀ ರಾತ್ರಿ ಹೊಡೆದಿದ್ದರು. ಅದು ನನ್ನ ಹತ್ತಿರ ಇದೆ ಎಂದು ಹೇಳಿಬಿಟ್ಟಿದ್ದಕ್ಕೆ ಅವಳು ಅಳುತ್ತ ಕ್ಷಮೆ ಕೇಳಿದಳು.

ನಾನು ಪುಸ್ತಕ ತೆಗೆದು ಒಳಗಿನ ಫೋಟೊ ನೋಡಿದೆ. ಅವಳ ಮುಖ ನೋಡಿದೆ. ಯಾವ ಇಮಿಗ್ರೇಷನ್ ಅಧಿಕಾರಿಯೂ ಇವೆರಡೂ ಒಂದೇ ಎಂದು ಒಪ್ಪುತ್ತಿರಲಿಲ್ಲ.

"ಮುಖ ತಾಳೆ ಆಗುತ್ತಿಲ್ಲವಲ್ಲಮ್ಮ," ಎಂದೆ.

ಅವಳು ಗಾಬರಿಯಾಗಿ ಸಬ್ ಇನ್ಸ್‌ಪೆಕ್ಟರನ್ನು ನೋಡಿದಳು.

"ಕೈ ತೋರಿಸು."

ಅವಳು ಅಂಗೈ ಬಿಚ್ಚಿದಳು. ಆ ನುಣ್ಣನೆ ಚರ್ಮದ ಮೇಲೆ ಪುಸ್ತಕ ಇಟ್ಟೆ. ಅಷ್ಟು ಹೊಡೆತ ತಿಂದ ತುಟಿಯಲ್ಲೂ ಅವಳು ನಕ್ಕಳು, ತುಟಿ ಮತ್ತೆ ಒಡೆದು ರಕ್ತ ಬಂತು.

ಸಹಿ ಹಾಕಿಸಿಕೊಂಡಿದ್ದ ಪಾಸ್‌ಪೋರ್ಟ್ ಅರ್ಜಿ ಕುಗನ್‌ನ ಜೇಬಿನಲ್ಲೇ ಇತ್ತು. ಪೊಲೀಸರು ಅದನ್ನು ಕೇಸಿನ ಕಾಗದಗಳ ಜೊತೆ ಸೇರಿಸಿದರು. ಗಂಡಸರಿಬ್ಬರೂ ಜೈಲು ಕಂಡರು. ಆಮೇಲೆ ಅವಳ ಗಂಡನನ್ನು ಅವನ ದೇಶಕ್ಕೆ ಕಳಿಸಿದರು. ತಾಯಿಯನ್ನು ಯಾಳಿನಿ ಒಂದು ಆರೈಕೆ ಮನೆಗೆ ಸೇರಿಸಿದಳು.

ಮುಖದ ಬಾವು ಇಳಿದ ಮೇಲೆ ಟಿಕೆಟ್ ಮಾಡಲು ಕೂತೆವು. ಮರುಳಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡೇ ಕೀಬೋರ್ಡ್ ಒತ್ತಿದ. ನಮ್ಮ ಕಸುಬಿನಲ್ಲಿ ಮೊದಲು ತೋರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. "ನೋಡ್ರಿ ಅಕ್ಕ, ಸೂಪರ್ ಫೇರ್," ಎಂದು ಅವನು ಸ್ಕ್ರೀನ್ ತಿರುಗಿಸಿದ. ಚೆನ್ನೈನಿಂದ ಕೊಲಂಬೊ, ಅಲ್ಲಿ ವಿಮಾನ ಬದಲಾವಣೆ. ಯಾಳಿನಿಯ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಮರುಳಪ್ಪ ನನ್ನನ್ನು ನೋಡಿದ, ತಲೆ ಚಚ್ಚಿಕೊಳ್ಳಲು ಕೈ ಎತ್ತಿದ, ಹೊಲಿಗೆ ನೆನಪಾಗಿ ಇಳಿಸಿದ. ದೋಹಾ ಮೇಲೆ ಹೋಗುವ ಟಿಕೆಟ್ ಮಾಡಿದೆವು.

ಎಲ್ಲಿಗೆ ಹೋಗಬೇಕು ಎಂದು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿತ್ತು. ಯಾವ ದೇಶ ಟಿಕೆಟ್ಟಿನ ಮೇಲೆ ಬರಬಾರದು ಎಂದು ಮೊದಲು ಕೇಳಬೇಕೆಂದು ಕಲಿತದ್ದು ಆ ದಿನ. ನಿವೃತ್ತಿಯಾಗುವವರೆಗೆ ನನ್ನ ಕೌಂಟರಿಗೆ ಬಂದ ಪ್ರತಿಯೊಬ್ಬರನ್ನೂ ಹಾಗೇ ಕೇಳಿದೆ. ಹೆಚ್ಚಿನವರು ಅಜ್ಜಿಗೆ ಅರಳು ಮರಳು ಎಂದುಕೊಂಡರು. ಒಬ್ಬಿಬ್ಬರು ಮಾತ್ರ ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು.

ಮರುವರ್ಷ ತಾಯಿ ತೀರಿಕೊಂಡಾಗ ಯಾಳಿನಿ ಬರಲಿಲ್ಲ. ಕುಗನ್ ಬೇಲಿನ ಮೇಲೆ ಹೊರಗಿದ್ದ. ಬರಬೇಡ ಎಂದು ತಾಯಿಯೇ ಮಾತು ತೆಗೆದುಕೊಂಡಿದ್ದರು. ಮರುಳಪ್ಪನೂ ನಾನೂ ಹೋಗಿ ನಿಂತೆವು. ಅವಳು ಫೋನಿನಲ್ಲಿ ನೋಡಿದಳು. ಅದಕ್ಕೆ ಸಮಾಧಾನ ಹೇಳುವ ವಿದ್ಯೆ ನನಗೆ ಬರುವುದಿಲ್ಲ.

ಹೋದ ವಾರ ಅವಳು ಒಂದು ಫೋಟೊ ಕಳಿಸಿದ್ದಳು. ಕೆನಡಾ ಪೌರತ್ವ ಬಂದಿದೆ, ಹೊಸ ಪಾಸ್‌ಪೋರ್ಟ್. ಓರೆ ಗೆರೆಗಳಿಲ್ಲ. ಒಳಗಿನ ಪುಟದಲ್ಲಿ ಮೂಗು ಸ್ವಲ್ಪ ಸೊಟ್ಟಗಿರುವ, ನೆಟ್ಟಗೆ ನೋಡುವ ಮುಖ. "ಪಾಟಿ, ಮುಖ ತಾಳೆ ಆಗುತ್ತಾ?" ಎಂದು ಕೇಳಿದ್ದಳು.

ಎಡಗೈಯ ಬೆರಳಿನಿಂದ ತಮಿಳು ಅಕ್ಷರ ಹುಡುಕಿ ಹುಡುಕಿ ಒತ್ತಿದೆ: "ಕೈ ತೋರಿಸು."

ಅಂಗೈಯ ಫೋಟೊ ಬಂತು. ನಾನು ಪ್ಲಾಸ್ಟರ್ ಬಿಚ್ಚಿದ ಮೇಲೂ ಸೊಟ್ಟಗೇ ಉಳಿದ ನನ್ನ ಎರಡು ಬೆರಳಿನ ಫೋಟೊ ತೆಗೆದು ತಿರುಗಿ ಕಳಿಸಿದೆ.