ಅತ್ತೆ ಕಣ್ಣಿಂದ ಕೇಳುತ್ತಿದ್ದ ರೇಡಿಯೋ

ಸೆರಗನ್ನು ತಲೆಯ ಮೇಲಿಂದ ಎಳೆದು, ರೇಡಿಯೋವನ್ನೂ ಅದರೊಳಗೆ ಸೇರಿಸಿಕೊಂಡು, ನೆಗಡಿಗೆ ಹಬೆ ತೆಗೆದುಕೊಳ್ಳುವವರ ಹಾಗೆ ಬಗ್ಗಿ ನಿಂತಿದ್ದರು. ಹೊರಗೆ ಕಾಣುತ್ತಿದ್ದದ್ದು ಗುಂಡಿ ತಿರುಗಿಸುವ ಬಲಗೈ ಮಾತ್ರ. ನಮ್ಮ ಎದುರುಮನೆ ಅತ್ತೆಯನ್ನು ನಾನು ಮೊದಲ ಸಲ ನೋಡಿದ್ದು ಹೀಗೆ. ರೇಡಿಯೋದಿಂದ ಬರುತ್ತಿದ್ದದ್ದು ಬರೀ ಗೊರಗೊರ ಸದ್ದು. ಮೂಲೆಯ ಮಂಚದ ಮೇಲೆ ಮಲಗಿದ್ದ ಅವರ ಯಜಮಾನರು ಎಡಗೈ ಎತ್ತಿ, ಚೆನ್ನಾಗಿದೆ ಎನ್ನುವಂತೆ ಆಡಿಸಿದರು. ಅತ್ತೆ ಸೆರಗು ಸರಿಸಿ, ಬೆವರು ಒರೆಸಿಕೊಂಡು, ಆ ಕೈ ನೋಡಿ ನಕ್ಕರು. ಇವರಿಬ್ಬರಿಗೂ ತಲೆ ನೆಟ್ಟಗಿಲ್ಲ ಅಂದುಕೊಂಡೆ.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಮಾರಿಕಣಿವೆ ಅಣೆಕಟ್ಟಿನ ಕ್ವಾಟ್ರಸ್ಸಿಗೆ ಹೊಸದಾಗಿ ಬಂದಿದ್ದೆ. ಹೆಪ್ಪಿಗೆ ಮಜ್ಜಿಗೆ ಕೇಳಲು ರಸ್ತೆಯಾಚೆಯ ಹೆಂಚಿನ ಮನೆಗೆ ಹೋಗಿದ್ದೆ. ಸಂಬಂಧವೇನಿಲ್ಲ, ಆದರೂ ಅವರು ಅತ್ತೆಯಾದರು, ಅವರ ಯಜಮಾನರು ಮಾವ.

ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾದ ಮೇಲೆ ಬಂದ ಯಾವುದೋ ಜ್ವರ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಮಾವ ಅಣೆಕಟ್ಟಿನ ತೂಬಿನ ಕೆಲಸದಲ್ಲಿದ್ದವರು, ಶನಿವಾರದ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ಲಕ್ವ ಹೊಡೆದು ಬಲಭಾಗವೂ ಮಾತೂ ನಿಂತುಹೋಗಿದ್ದವು. ಅವರಿಗೆ ಉಳಿದ ಸುಖವೆಂದರೆ ಸಂಜೆಯ ರೇಡಿಯೋ. ಅದನ್ನು ಹಚ್ಚಿಕೊಡಬೇಕಾದವರು ಕಿವಿಯಿಲ್ಲದ ಈ ಅತ್ತೆ.

ಹಚ್ಚುತ್ತಿದ್ದರು. ಅದು ವಾಲ್ವಿನ ಹಳೇ ರೇಡಿಯೋ. ಮುಂದುಗಡೆ ಗುಂಡಗೆ ಒಂದು ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಸಿಕ್ಕರೆ ಅದರ ಕಪ್ಪು ಸೀಳು ಕಿರಿದಾಗಿ ಮುಚ್ಚಿಕೊಳ್ಳುತ್ತಿತ್ತು, ಸಿಗದಿದ್ದರೆ ಅಗಲವಾಗಿ ಬಾಯಿ ತೆರೆದಿರುತ್ತಿತ್ತು. ಅತ್ತೆ ಅದನ್ನು ನೋಡಿಕೊಂಡೇ ಮುಳ್ಳು ನಿಲ್ಲಿಸುತ್ತಿದ್ದರು. ಈಗ ಆ ಹಸಿರು ಕಣ್ಣು ಮಂಕಾಗಿತ್ತು. ಸೆರಗಿನ ಕತ್ತಲು ಮಾಡಿಕೊಂಡರೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಡಲ್ಲ, ಬರೀ ಗೊರಗೊರ ಎನ್ನಲು ನಾನು ಅವತ್ತು ಬಾಯಿ ತೆರೆಯಹೋದಾಗ ಮಾವ ನನ್ನನ್ನೇ ನೋಡಿ, ಹೇಳಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು. ಹೊಸ ಸೊಸೆ, ಮಜ್ಜಿಗೆ ಹಿಡಿದುಕೊಂಡು ಬಂದುಬಿಟ್ಟೆ.

ಆಮೇಲೆ ಅತ್ತೆಯ ಪರಿಚಯ ಚೆನ್ನಾಗಿಯೇ ಆಯಿತು. ಅವರ ದನಿ ಕ್ವಾಟ್ರಸ್ಸಿನ ಕೊನೇ ಮನೆಗೂ ಕೇಳುತ್ತಿತ್ತು. ನನ್ನ ಸಾರು ರುಚಿ ನೋಡಿ, "ಉಪ್ಪಿಲ್ಲ, ಹುಳಿಯಿಲ್ಲ, ಏನ್ ಸಾರವ್ವಾ ಇದು? ಕೈ ತೊಳೆದ ನೀರಿದ್ದಂಗೈತೆ" ಅಂತ ನನ್ನ ಗಂಡನ ಎದುರಿಗೇ ಕೂಗಿದರು. ನನ್ನ ಮುಖ ಬಾಡಿದ್ದು ಕಂಡು, "ಇದ್ದಂಗೆ ಹೇಳಿದ್ರೆ ತಾನೆ ಸರಿ ಮಾಡ್ಕಳಾದು?" ಎಂದು ತಾವೇ ಒಲೆಯ ಮುಂದೆ ಕೂತರು. ಹುಣಸೆಹಣ್ಣು ಎಷ್ಟು ಹಾಕಬೇಕೆಂದು ನಾನು ಕಲಿತದ್ದು ಅವತ್ತು.

ಹಸಿರು ಕಣ್ಣು ಪೂರ್ತಿ ಕೆಟ್ಟ ಮೇಲೆ ಒಂದು ಬೆಳಿಗ್ಗೆ ಅತ್ತೆ ರೇಡಿಯೋಕ್ಕೆ ಕಂಬಳಿ ಸುತ್ತಿ ನಮ್ಮ ಬಾಗಿಲಿಗೆ ಬಂದರು. "ನಡಿಯವ್ವಾ, ದುರ್ಗಕ್ಕೆ ಹೋಗಾಣ. ಹಿರಿಯೂರಾಗೆ ಈ ಸಾಮಾನು ಸಿಗಾಕಿಲ್ಲಂತೆ." ಮಾವನ ಹತ್ತಿರ ತಮ್ಮ ತಂಗಿಯನ್ನು ಕೂರಿಸಿದ್ದರು. ದಾರಿಯುದ್ದಕ್ಕೂ ಹಸುಗೂಸಿನಂತೆ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಬಸ್ಸು ಕುಲುಕಿದಾಗಲೆಲ್ಲ ಡ್ರೈವರನಿಗೆ ಬೈಗುಳ.

ದುರ್ಗದ ರಿಪೇರಿ ಅಂಗಡಿಯವನು ರೇಡಿಯೋ ಹಚ್ಚಿ, ಗುಂಡಿ ತಿರುಗಿಸಿ, ಹಾಡು ಕೇಳಿ ನಕ್ಕ. "ಚೆನ್ನಾಗೇ ಹಾಡ್ತೈತಲ್ಲಮ್ಮ. ಆ ಕಣ್ಣು ಬರೀ ಶೋಕಿಗೆ. ಇಲ್ದಿದ್ರೂ ನಡೀತೈತೆ." ಅವನು ಹೇಳಿದ್ದನ್ನು ನಾನು ಕೈಸನ್ನೆಯಲ್ಲಿ ತಿಳಿಸಿದೆ. ಅತ್ತೆ ಮುಳ್ಳನ್ನು ಮನೆಯಲ್ಲಿ ತಾವು ಇಟ್ಟಿದ್ದ ಜಾಗಕ್ಕೇ ತಂದು ನಿಲ್ಲಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಶೋಕಿ ನಿಮಗೆ ಕಣಪ್ಪ. ಕಿವಿ ಇಲ್ದೋಳು ಏನು ಮಾಡಾದು?" ಅವನ ನಗು ನಿಂತಿತು. ಗೆದ್ದಲು ಹಿಡಿದ ಇನ್ನೊಂದು ಹಳೇ ರೇಡಿಯೋದಿಂದ ಕಣ್ಣಿನ ವಾಲ್ವು ಕಿತ್ತು ಇದಕ್ಕೆ ಕೂರಿಸಿ, ಮತ್ತೆ ಹಚ್ಚಿದ.

ಕಣ್ಣು ಹೊತ್ತಿಕೊಂಡಿತು, ಎಳೇ ಹಸಿರು. ಆದರೆ ಸೀಳು ಅಗಲವಾಗಿ ತೆರೆದೇ ಇತ್ತು. ಗೊರಗೊರ ಸದ್ದು.

ಅತ್ತೆ ಕಣ್ಣನ್ನು ನೋಡಿದರು, ಮುಳ್ಳನ್ನು ನೋಡಿದರು. "ನಿನ್ನೆ ಸಂಜೆ ಇಲ್ಲೇ ನಿಲ್ಸಿದ್ದೆ. ಮೊನ್ನೆನೂ ಇಲ್ಲೇ" ಅಂದರು. ಅವರ ದನಿ ಅಷ್ಟು ತಗ್ಗಿದ್ದು ನಾನು ಕೇಳಿದ್ದು ಅದೇ ಮೊದಲು. "ಚೆಂದ ಐತೆ ಅಂತ ಕೈ ಎತ್ತಿದ್ರಲ್ಲವ್ವಾ. ಹಂಗಾದ್ರೆ ಇಷ್ಟು ದಿನದಾಗೆ ಯಾವ್ದು ನಿಜ?" ನಾನು ರೇಡಿಯೋವನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದೆ. ವಾಪಸು ಬರುವಾಗ ಅತ್ತೆ ಡ್ರೈವರನನ್ನು ಬೈಯಲೂ ಇಲ್ಲ.

ಸಂಜೆ ಸೆರಗಿನ ಹಂಗಿಲ್ಲದೆ ಮುಳ್ಳು ತಿರುಗಿಸಿದರು. ಸೀಳು ಮುಚ್ಚಿತು. ಭದ್ರಾವತಿ ಸ್ಟೇಷನ್ನಿಂದ ಒಳ್ಳೆಯ ಹಾಡು ಬರುತ್ತಿತ್ತು. ಮಾವ ಕೈ ಎತ್ತಿದರು. ಅತ್ತೆ ನಗಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ಹೌದು, ನಿಜವಾಗಿಯೂ ಚೆನ್ನಾಗಿದೆ ಎಂದು ನಾನು ತಲೆಯಾಡಿಸಿದ ಮೇಲೇ ಅಡುಗೆಮನೆಗೆ ಹೋದರು. ಅಂದಿನಿಂದ ಅದೇ ರೂಢಿಯಾಯಿತು. ಅವರು ಕೈ ಎತ್ತುವುದು, ಇವರು ನನ್ನ ಮುಖ ನೋಡುವುದು. ಮಾವ ಅದನ್ನು ಗಮನಿಸುತ್ತಿದ್ದರು. ರೇಡಿಯೋ ಸರಿಹೋಯಿತು, ಇವರ ಮಧ್ಯದ ಯಾವುದೋ ತಂತಿ ಕಿತ್ತುಹೋಯಿತಲ್ಲ ಎಂದು ನನಗೆ ಅನಿಸುತ್ತಿತ್ತು.

ಒಂದು ಸಂಜೆ ತೆಲುಗು ಸ್ಟೇಷನ್ ಸಿಕ್ಕಿತು. ರೇಡಿಯೋದ ಕಣ್ಣಿನ ಸೀಳು ಪೂರ್ತಿ ಮುಚ್ಚಿತ್ತು. ಯಾರೋ ಕಡಲೆಕಾಯಿ ಬೆಳೆಯ ರೋಗದ ಬಗ್ಗೆ ಗಟ್ಟಿಯಾಗಿ ಭಾಷಣ ಮಾಡುತ್ತಿದ್ದರು. ಅತ್ತೆ ಮಂಚದ ಕಡೆ ತಿರುಗಿದರು. ಮಾವ ಕೈ ಎತ್ತಲಿಲ್ಲ. ದಿಂಬಿನ ಮೇಲೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಕಷ್ಟಪಟ್ಟು ಹೊರಳಿಸಿದರು.

"ಬ್ಯಾಡ ಅಂತಾರೆ!" ಅತ್ತೆ ಕಿರುಚಿದರು. "ನೋಡವ್ವಾ, ಬ್ಯಾಡ ಅಂತಾರೆ!" ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಳ್ಳು ತಿರುಗಿಸಿ ನಿಲ್ಲಿಸಿದರು. ಮತ್ತೆ ಬೇಡ. ಇನ್ನಷ್ಟು ತಿರುಗಿಸಿದರು. ಕೊನೆಗೊಂದು ಹಾಡಿಗೆ ಎಡಗೈ ಮೇಲೆದ್ದಿತು. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ರೇಡಿಯೋ ಹಚ್ಚುವಾಗ ಯಾವತ್ತೂ ನೋಡಲಿಲ್ಲ. ದಿನಾ ಸಂಜೆ ಅವರಿಬ್ಬರದೇ ಜಗಳ, ಅವರಿಬ್ಬರದೇ ರಾಜಿ.

ಯುಗಾದಿ ಕಳೆದ ಮೇಲೆ ಮಾವ ಹೋದರು. ಅತ್ತೆಯೂ ಹೋಗಿ ಈಗ ಬಹಳ ಕಾಲವಾಯಿತು. ಆದರೆ ಅವರನ್ನು ನೆನೆದರೆ ಮಾವ ಹೋದ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ. ಪಡಸಾಲೆಯಲ್ಲಿ ಮಾವನ ದೇಹವನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ಬಂದಿದ್ದರು. ಪಾಪ, ಅವರಿಗೂ ದುಃಖ. ತಾಳ ಒಂದು ಕಡೆ, ಹಾಡು ಒಂದು ಕಡೆ, ಹಾರ್ಮೋನಿಯಂ, ಬಾರಿಸಲು ಬಾರದ ಯಾರದೋ ಕೈಯಲ್ಲಿ ನರಳುತ್ತಿತ್ತು. ಅತ್ತೆ ಹಾಡುವವರ ಬಾಯನ್ನು ನೋಡಿದರು. ಮಾವನ ಮುಖ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದ್ದಂಗೆ ಹೇಳವ್ವಾ. ಚೆಂದ ಹಾಡ್ತಾ ಅವರಾ?"

ಸೇರಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ.

ಅತ್ತೆ ಎದ್ದು ಹೋಗಿ ಹಾರ್ಮೋನಿಯಂನ ಕರಿಬಿಳಿ ಮನೆಗಳ ಮೇಲೆ ಅಂಗೈಯಿಟ್ಟರು. "ನಿಲ್ಸ್ರಪ್ಪ," ಅಂದರು. "ಅವರಿಗೆ ಬ್ಯಾಡಂತೆ."