ಹಸಿವಿನ ಟಾನಿಕ್

ಆ ಕಾಲಕ್ಕೆ ತೇರದಾಳದ ನಮ್ಮ ಮನೆಯಲ್ಲಿ ಎರಡಕ್ಕೆ ಭಾರಿ ಮರ್ಯಾದೆಯಿತ್ತು, ಒಂದು ಹೊತ್ತಿಗೆ, ಅಂದರೆ ಸೂರ್ಯನಿಗೆ, ಇನ್ನೊಂದು ಟಾನಿಕ್ ಬಾಟಲಿಗೆ. ನಮ್ಮದು ಜೈನರ ಮನೆ. ಹೊತ್ತು ಮುಳುಗಿತೆಂದರೆ ಒಲೆ ಆರುತ್ತಿತ್ತು, ಆಮೇಲೆ ಊಟದ ಮಾತಿಲ್ಲ.

ನಾನು ಆರನೇ ಇಯತ್ತೆಯಲ್ಲಿದ್ದ ಚಳಿಗಾಲವದು. ಖೋಖೋ ತಂಡಕ್ಕೆ ನನ್ನನ್ನು ಆರಿಸಿದ್ದರು, ಪಂದ್ಯ ಜಮಖಂಡಿಯಲ್ಲಿ. ಸಾಲೆ ಬಿಟ್ಟ ಮೇಲೆ ಅಭ್ಯಾಸ. ಗಾಣದಲ್ಲಿ ಬೆಲ್ಲ ಕುದಿಯುವ ವಾಸನೆ ಮೈದಾನದ ತನಕ ಬರುತ್ತಿತ್ತು. ಮಾಸ್ತರರು ಬಿಡುವಷ್ಟರಲ್ಲಿ ಕತ್ತಲು. ಮನೆಗೆ ಬಂದು, ಗೆಳತಿಯ ಡಬ್ಬಿಯಲ್ಲಿ ಉಂಡೆನೆಂದು ಸುಳ್ಳು ಹೇಳುತ್ತಿದ್ದೆ. ಖರೆ ಹೇಳಿದರೆ ಆಟ ಬಿಡಿಸುತ್ತಾರೆಂಬ ಹೆದರಿಕೆ.

ಒಂದು ಸಂಜೆ ಕಂಬದ ಹತ್ತಿರ ತಲೆ ಸುತ್ತಿ ಬಿದ್ದೆ.

"ಇನ್ನೊಮ್ಮಿ ಬಿದ್ದಿ ಅಂದ್ರ ನಿನ್ನ ಜಾಗಾಕ್ಕ ಬ್ಯಾರೆಯವರನ್ನ ತಗೋತೇನಿ ನೋಡು" ಎಂದರು ಮಾಸ್ತರರು.

ಅವ್ವ ಗಾಬರಿಯಾಗಿ ಮರುದಿನವೇ ಜಮಖಂಡಿಯಿಂದ ಟಾನಿಕ್ ತರಿಸಿದಳು. ಕೆಂಪಗೆ, ಕಾಕಂಬಿಯಷ್ಟು ಮಂದ. "ಎಲ್ಲಾ ವಿಟಮಿನ್ ಅದಾವ ಇದರಾಗ. ವಾರದಾಗ ಕುದರಿ ಆಗ್ತಿ!" ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು. ಔಷಧಕ್ಕೆ ಹೊತ್ತಿನ ಕಟ್ಟಿಲ್ಲವೆಂದು ಅವ್ವನೇ ತೀರ್ಪು ಕೊಟ್ಟಿದ್ದರಿಂದ ಕತ್ತಲಾದ ಮೇಲೂ ಕುಡಿಯುತ್ತಿದ್ದೆ. ಅಲ್ಲಿಯವರೆಗೆ ಬರೀ ಹಸಿವಿತ್ತು, ಟಾನಿಕ್ ಇಳಿದ ಮೇಲೆ ಅದು ಹೊಟ್ಟೆಯೊಳಗೆ ಕುಣಿಯತೊಡಗಿತು.

ಐದನೇ ಸಂಜೆ ನಾನು ಮೂಲೆಯಲ್ಲಿ ಅಳುವುದನ್ನು ಆಯಿ ನೋಡಿದಳು. ಆಯಿ ಎಂದರೆ ಅಪ್ಪನ ತಾಯಿ. ಅಕ್ಷರ ಬಾರದವಳು, ಬಾಟಲಿಯನ್ನು ನನ್ನ ಕೈಗೇ ಕೊಟ್ಟು ಓದಿಸಿದಳು. ಹಸಿವು ಹೆಚ್ಚಿಸುತ್ತದೆ, ಊಟಕ್ಕೆ ಅರ್ಧ ಗಂಟೆ ಮೊದಲು ಕುಡಿಯಬೇಕು ಎಂದಿತ್ತು.

"ಕುಡದ ಮ್ಯಾಲ ಏನ್ ಉಣ್ತಿ?"

"ಏನಿಲ್ಲ ಆಯಿ." ಖರೆ ಬಾಯಿಬಿಟ್ಟೆ.

ಆಯಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಒಲಿ ಆರಿಸಿ ಕೂಸಿನ ಹಸಿವು ಹೊತ್ತಿಸೇವಲ್ಲ ಬೇ!"

"ಅತ್ತಿ, ಹಂಗಾರ ರಾತ್ರಿ ಉಣಿಸೂಣೇನ್ರೀ?" ಕೇಳುತ್ತ ನಿಂತಿದ್ದ ಅವ್ವನ ಮುಖ ಸಣ್ಣದಾಗಿತ್ತು.

"ನೇಮ ಯಾಕ ಮುರೀಬೇಕು? ನನ್ನ ಕಾಲು ಗಟ್ಟಿ ಅದಾವ."

ಮರುದಿನ ಹೊತ್ತು ಇನ್ನೂ ಬೇವಿನ ಮರದ ಮೇಲಿರುವಾಗಲೇ ಆಯಿ ಡಬ್ಬಿ ಹಿಡಿದು ಮೈದಾನದ ಅಂಚಿಗೆ ಬಂದಳು. "ಮಾಸ್ತರ, ಹೊತ್ತು ನಿಮ್ಮ ಸೀಟಿ ಕೇಳಂಗಿಲ್ರಿ. ಹುಡುಗಿನ್ನ ಒಂದೀಟು ಬಿಡ್ರಿ." ಮಾಸ್ತರರು ಸೀಟಿ ಜೇಬಿಗಿಳಿಸಿ ನನ್ನನ್ನು ಬಿಟ್ಟರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೊನೆಗೆ ಬೆಲ್ಲದ ಚೂರು. ಪಂದ್ಯದ ದಿನದವರೆಗೂ ಒಂದು ಸಂಜೆಯೂ ತಪ್ಪಿಸಲಿಲ್ಲ ಆ ಪುಣ್ಯಾತ್ಗಿತ್ತಿ.

ಜಮಖಂಡಿಯಲ್ಲಿ ನಾವು ಸೋತೆವು. ಆದರೆ ನಾನು ಬೀಳಲಿಲ್ಲ, ಕೊನೆಯತನಕ ಓಡಿದೆ. ಅವ್ವ ಓಣಿಯ ತುಂಬ ಟಾನಿಕ್ಕಿನ ಹೊಗಳಿಕೆ ಹಾಡಿದಳು, ಪಕ್ಕದ ಮನೆಯವರೂ ಎರಡು ಬಾಟಲಿ ತರಿಸಿದರು. ನನಗೆ ಸಿಟ್ಟು. "ನನ್ನ ಓಡಿಸಿದ್ದು ನಿನ್ನ ರೊಟ್ಟಿ ಅಂತ ಹೇಳು ಆಯಿ!"

"ನಿಮ್ಮವ್ವ ಪ್ರೀತೀಲೆ ತಂದಾಳ. ಅದಕ್ಕೂ ಒಂದೀಟು ಪಾಲು ಇರ್ಲಿ ಬಿಡು."

ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಈಗ ನನ್ನ ಮೇಜಿನ ಮೇಲೆ ಗುಳಿಗೆಗಳ ಸಾಲೇ ಇದೆ. ರಕ್ತ ಪರೀಕ್ಷೆ ಮಾಡಿ ಡಾಕ್ಟರು ಬರೆದುಕೊಟ್ಟ ಬಿ ಹನ್ನೆರಡರಿಂದ ಕೈಯ ಜುಮುಜುಮು ನಿಂತದ್ದು ಖರೆ, ಇಲ್ಲವೆಂದರೆ ನಾಲಿಗೆ ಬಿದ್ದೀತು. ಉಳಿದವು ಮೊಬೈಲಿನ ಜಾಹೀರಾತು ನೋಡಿ ತರಿಸಿದವು, ಅವು ಏನು ಮಾಡುತ್ತಿವೆಯೋ ಅವಕ್ಕೇ ಗೊತ್ತು. ಎಲ್ಲದರ ಮೇಲೂ 'ಊಟದ ನಂತರ' ಎಂದು ಬರೆದಿದೆ. ಹೊತ್ತಿನ ನೇಮ ಎಂದೋ ಹೋಯಿತು, ಎಷ್ಟೋ ದಿನ ಊಟವೂ ಇಲ್ಲದೆ ನುಂಗಿ ಮಲಗುತ್ತೇನೆ.

"ಕುಡದ ಮ್ಯಾಲ ಏನ್ ಉಣ್ತಿ?" ಎಂದು ಕೇಳಲು ಆಯಿ ಇಲ್ಲ.